ಮೌತ್‌ಪೀಸ್ ಆಯ್ಕೆ: ಬಾಗುವ ಸ್ವರ, ನಿಲ್ಲುವ ಸ್ವರ

ಮಕ್ಕಳಿಗೆ ಸ್ಯಾಕ್ಸೋಫೋನ್ ಕಲಿಸಬೇಕೆಂದು ಬರುವ ತಂದೆತಾಯಿ ಮೊದಲು ಕೇಳುವುದು ಯಾವ ಕಂಪನಿಯ ವಾದ್ಯ ತೆಗೆದುಕೊಳ್ಳಬೇಕು ಎಂದು. ಆಮೇಲೆ ಸೆಕೆಂಡ್ ಹ್ಯಾಂಡ್ ಆದರೆ ಎಷ್ಟಕ್ಕೆ ಸಿಕ್ಕೀತು ಎಂದು. ಮೌತ್‌ಪೀಸಿನ ಮಾತನ್ನು ಯಾರೂ ಎತ್ತುವುದಿಲ್ಲ. ಪೆಟ್ಟಿಗೆಯ ಮೂಲೆಯಲ್ಲಿ ಮುಚ್ಚಳ ತೊಟ್ಟು ಕೂತಿರುವ ಬೆರಳುದ್ದದ ಆ ಕಪ್ಪು ತುಂಡು ವಾದ್ಯದೊಂದಿಗೆ ಹೇಗೂ ಬರುತ್ತದೆ, ಅದರಲ್ಲಿ ಆರಿಸುವುದೇನಿದೆ ಎಂಬ ಭಾವನೆ. ಆದರೆ ಉಸಿರು ನಾದವಾಗುವುದು ಆ ತುಂಡಿನಲ್ಲಿಯೇ. ಅದರ ಮುಂದಿರುವ ಹಿತ್ತಾಳೆಯ ಕೊಳವೆ ಸ್ವರದ ಎತ್ತರವನ್ನು ಗೊತ್ತುಮಾಡಿ ಹೊರಗೆ ಕಳಿಸುತ್ತದೆ. ಸ್ವರದ ಬಣ್ಣ, ಬಳುಕು, ಹಟಮಾರಿತನ ಇವೆಲ್ಲವೂ ಬಹುಪಾಲು ರೀಡು (ಉಸಿರಿಗೆ ಕಂಪಿಸುವ ತೆಳು ಪಟ್ಟಿ) ಮತ್ತು ಮೌತ್‌ಪೀಸಿನ ನಡುವೆ ತೀರ್ಮಾನವಾಗಿಬಿಟ್ಟಿರುತ್ತವೆ.

ಆ ಆಯ್ಕೆಯ ಬಗ್ಗೆ ಓದಲು ಹೊರಟರೆ ಸಿಗುವ ಬರಹಗಳೆಲ್ಲ ಒಂದೋ ಜಾಝ್ ನುಡಿಸುವವರಿಗಾಗಿ, ಇಲ್ಲವೇ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವರಿಗಾಗಿ ಬರೆದವು. ಅಲ್ಲಿನ ಸಲಹೆಗಳು ತಪ್ಪೆಂದಲ್ಲ. ತೋಡಿ ರಾಗದ ಗಾಂಧಾರವನ್ನು ನುಡಿಸಬೇಕಾದವನಿಗೆ ಬೇಕಾದ ಮುಖ್ಯ ಸಂಗತಿಯೊಂದು ಅವುಗಳಲ್ಲಿ ಇರುವುದಿಲ್ಲ, ಅಷ್ಟೆ. ನಮ್ಮ ಕರ್ನಾಟಕ ಸಂಗೀತ ಈ ವಾದ್ಯದಿಂದ ಒಂದೇ ಉಸಿರಿನಲ್ಲಿ ಎರಡು ವಿರುದ್ಧ ಗುಣಗಳನ್ನು ಕೇಳುತ್ತದೆ: ಷಡ್ಜ ಪಂಚಮಗಳು ತಂಬೂರಿಯ ಮೇಲೆ ಅಲುಗಾಡದೆ ನಿಲ್ಲಬೇಕು, ಅವುಗಳ ನಡುವಿನ ಸ್ವರಗಳು ಬೇಕಾದಂತೆ ಬಾಗಬೇಕು. ಮೌತ್‌ಪೀಸಿನ ಆಯ್ಕೆ ಎಂದರೆ ಈ ಎರಡರ ನಡುವೆ ನಮ್ಮ ತುಟಿಗೆ ಒಗ್ಗುವ ಜಾಗವೊಂದನ್ನು ಹುಡುಕಿಕೊಳ್ಳುವುದು ಎಂದು ನಾನು ತಿಳಿದಿದ್ದೇನೆ.

ದಕ್ಷಿಣ ಕನ್ನಡದಲ್ಲಿ ಸ್ಯಾಕ್ಸೋಫೋನ್ ಹೊರಗಿನ ವಾದ್ಯವೆಂದು ಈಗ ಯಾರಿಗೂ ಅನ್ನಿಸುವುದಿಲ್ಲ. ಮದುವೆಯ ಮಂಟಪದಲ್ಲಿ, ದೇವಸ್ಥಾನದ ಉತ್ಸವದಲ್ಲಿ, ಡೋಲಿನ ಪಕ್ಕದಲ್ಲಿ ಅದು ತನ್ನ ಜಾಗವನ್ನು ಹಿಡಿದು ದಶಕಗಳಾದವು. ಅದಕ್ಕೆ ಮುಖ್ಯ ಕಾರಣರು ಕದ್ರಿ ಗೋಪಾಲನಾಥ್ (1949–2019). ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ನಾಗಸ್ವರ ವಿದ್ವಾಂಸರಾದ ತನಿಯಪ್ಪನವರ ಮಗನಾಗಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮರುಳಾದರು, ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಕಲಿತರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರೊಮೆನೇಡ್ ಕಛೇರಿ ನೀಡಿದರು. ಅವರ ಧ್ವನಿಮುದ್ರಣಗಳನ್ನು ಕೇಳಿದ ಹುಡುಗರೆಲ್ಲ ಅವರು ಬಳಸಿದ ಮೌತ್‌ಪೀಸ್ ಯಾವುದೆಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಅದಲ್ಲವೆಂದು ನನ್ನ ಅಭಿಪ್ರಾಯ. ನಾಗಸ್ವರದ ಮನೆಯಲ್ಲಿ ಬೆಳೆದ ಕಿವಿ ಯಾವ ಬಗೆಯ ನಾದವನ್ನು ಹುಡುಕುತ್ತಿತ್ತು ಎಂದು ಕೇಳಿದರೆ ಏನಾದರೂ ಉಪಯೋಗವಾದೀತು.

ನಾಗಸ್ವರದಲ್ಲಿ ಮೌತ್‌ಪೀಸ್ ಎಂಬ ಬೇರೆ ಭಾಗವೇ ಇಲ್ಲ. ಎರಡು ಪದರದ ರೀಡು, ಅಂದರೆ ಸೀವಾಳಿ, ನೇರವಾಗಿ ತುಟಿಗಳ ನಡುವೆ ಕೂರುತ್ತದೆ, ಅದರ ಬಾಯನ್ನು ತೆರೆಯುವುದೂ ಕಿರಿದು ಮಾಡುವುದೂ ತುಟಿಯದೇ ಕೆಲಸ. ವಾದ್ಯದಿಂದ ಇಳಿಬಿದ್ದ ದಾರದಲ್ಲಿ ಬದಲಿ ಸೀವಾಳಿಗಳು, ಅವುಗಳ ಬಾಯನ್ನು ಸರಿಪಡಿಸುವ ಸೂಜಿ, ಎಲ್ಲವೂ ನೇತಾಡುತ್ತಿರುತ್ತವೆ. ಕಛೇರಿಯ ನಡುವೆಯೇ ವಿದ್ವಾಂಸರು ಒಂದನ್ನು ತೆಗೆದು ಇನ್ನೊಂದನ್ನು ಸಿಕ್ಕಿಸಿಕೊಳ್ಳುವುದನ್ನು ನೀವೂ ನೋಡಿರಬಹುದು. ಅವರ ಆಯ್ಕೆ ದಿನದಿನವೂ ನಡೆಯುವಂಥದ್ದು. ಸ್ಯಾಕ್ಸೋಫೋನಿನಲ್ಲಿ ರೀಡು ಒಂದೇ ಪದರದ್ದು, ಅದು ಗಟ್ಟಿಯಾದ ಮೌತ್‌ಪೀಸಿಗೆ ಲಿಗೇಚರ್ ಎಂಬ ಬಿಗಿಪಟ್ಟಿಯಿಂದ ಬಿಗಿದು ಕೂರುತ್ತದೆ. ಮೇಲಿನ ಹಲ್ಲು ಮೌತ್‌ಪೀಸಿನ ಬೆನ್ನ ಮೇಲೆ ಇರುತ್ತದೆ, ಕೆಳತುಟಿ ರೀಡಿನ ಅಡಿಯಲ್ಲಿ. ನಾಗಸ್ವರದವರು ತುಟಿಯಿಂದಲೇ ಮಾಡಿಕೊಳ್ಳುವ ಎಷ್ಟೋ ಹೊಂದಾಣಿಕೆಯನ್ನು ಇಲ್ಲಿ ಕಾರ್ಖಾನೆಯೇ ಮೊದಲೇ ಕೊರೆದು ಕಳಿಸಿರುತ್ತದೆ. ಹಾಗಾಗಿ ನಾವು ಆರಿಸುವುದು ಒಮ್ಮೆ, ಬದುಕುವುದು ಅದರೊಂದಿಗೆ ವರ್ಷಗಟ್ಟಲೆ.

ಕೊರೆದು ಕಳಿಸಿದ ಸಂಗತಿಗಳಲ್ಲಿ ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಟಿಪ್ ಓಪನಿಂಗ್, ಅಂದರೆ ರೀಡಿನ ತುದಿಗೂ ಮೌತ್‌ಪೀಸಿನ ತುದಿಗೂ ನಡುವಿನ ಸಂದು. ಯಮಹಾ ಕಂಪನಿಯ ಆಲ್ಟೋ ಎಂಬ ಬಗೆಯ ಸ್ಯಾಕ್ಸೋಫೋನುಗಳ ಜೊತೆಗೆ ಬರುವ 4ಸಿ ಮೌತ್‌ಪೀಸಿನಲ್ಲಿ ಈ ಸಂದು 1.60 ಮಿ.ಮೀ.; ಅದೇ ಕಂಪನಿಯ 5ಸಿಯಲ್ಲಿ 1.70. ಪಾಶ್ಚಾತ್ಯ ಶಾಸ್ತ್ರೀಯ ಶಾಲೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸೆಲ್ಮರ್ ಎಸ್80 ಸಿ ಸ್ಟಾರ್ ಕೂಡ 1.70. ಜಾಝ್ ವಾದಕರ ಮೆಚ್ಚಿನ ಮೇಯರ್ 5 ಎಂಬುದರಲ್ಲಿ ಅಳತೆಯನ್ನು ಇಂಚಿನ ಸಾವಿರದ ಭಾಗಗಳಲ್ಲಿ ಹೇಳುತ್ತಾರೆ; ಅದರ 71 ಎಂದರೆ 1.80 ಮಿ.ಮೀ. ಒಂದು ಕಂಪನಿಯ 5 ಇನ್ನೊಂದರ 5 ಅಲ್ಲ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. 4ಸಿಗೂ ಮೇಯರ್ 5ಕ್ಕೂ ಇರುವ ಅಂತರ ಪ್ರಿಂಟರಿಗೆ ಹಾಕುವ ಎರಡು ಹಾಳೆಗಳ ದಪ್ಪದಷ್ಟು, ಹೆಚ್ಚಿಲ್ಲ. ಆದರೆ ಊದುವ ತುಟಿಗೆ ಅದು ಬೇರೆಯೇ ವಾದ್ಯವೆನ್ನಿಸುವಷ್ಟು ವ್ಯತ್ಯಾಸ.

ಸಂದು ಅಗಲವಾದಷ್ಟೂ ರೀಡು ಹೆಚ್ಚು ದೂರ ಓಡಾಡಬೇಕು. ಆದ್ದರಿಂದ ಅಗಲ ಸಂದಿಗೆ ಮೃದು ರೀಡು, ಕಿರಿದು ಸಂದಿಗೆ ಗಟ್ಟಿ ರೀಡು ಎಂಬುದು ಹಳೆಯ ರೂಢಿ. 1.60ರ ಮೌತ್‌ಪೀಸಿಗೆ ಎರಡೂವರೆ ಅಥವಾ ಮೂರು ನಂಬರಿನ ರೀಡು ಸರಿಹೋದರೆ, 1.90 ದಾಟಿದ ಮೌತ್‌ಪೀಸಿಗೆ ಅದೇ ರೀಡು ಹಾಕಿದ ಹುಡುಗನಿಗೆ ವರ್ಣವೆಂಬ ಒಂದು ರಚನೆ ಮುಗಿಸುವಷ್ಟರಲ್ಲಿ ತುಟಿ ಕೈಕೊಡುತ್ತದೆ. ರೀಡಿನ ನಂಬರುಗಳೂ ಕಂಪನಿಯಿಂದ ಕಂಪನಿಗೆ ಬೇರೆ ಎಂಬುದನ್ನು ಇಲ್ಲಿ ಮರೆಯಬಾರದು. ವ್ಯಾಂಡೊರೆನ್‌ನ ಎರಡೂವರೆ ರಿಕೋದ ಎರಡೂವರೆಗಿಂತ ಗಟ್ಟಿ. ಇದರ ಜೊತೆಗೆ ಫೇಸಿಂಗ್ ಎಂಬ ಇನ್ನೊಂದು ಅಳತೆಯಿದೆ: ರೀಡು ಮೌತ್‌ಪೀಸಿನಿಂದ ಬೇರೆಯಾಗಿ ಬಾಗಲು ಆರಂಭಿಸುವ ಬಿಂದುವಿನಿಂದ ತುದಿಯವರೆಗಿನ ಉದ್ದ. ಒಂದೇ ಟಿಪ್ ಓಪನಿಂಗ್ ಇರುವ ಎರಡು ಮೌತ್‌ಪೀಸುಗಳು ಬೇರೆಬೇರೆಯಾಗಿ ವರ್ತಿಸಿದರೆ ಕಾರಣವನ್ನು ಅಲ್ಲಿಯೂ ಹುಡುಕಬೇಕು.

ಆದರೂ ನಮ್ಮ ಕಡೆಯ ಚರ್ಚೆಗಳಲ್ಲಿ ಟಿಪ್ ಓಪನಿಂಗಿಗೆ ಸಿಗುವಷ್ಟು ಗಮನ ಅದಕ್ಕೆ ಸಲ್ಲಬೇಕಾದದ್ದಲ್ಲ. ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು ಚೇಂಬರ್, ಅಂದರೆ ಮೌತ್‌ಪೀಸಿನ ಹೊಟ್ಟೆಯೊಳಗಿನ ಖಾಲಿ ಜಾಗ. ಇದರ ಹಿಂದಿರುವ ಭೌತಶಾಸ್ತ್ರ ಸೊಗಸಾದದ್ದು. ಕ್ಲಾರಿನೆಟ್ಟಿನ ಕೊಳವೆ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಅಗಲ, ಸ್ಯಾಕ್ಸೋಫೋನಿನದು ಶಂಕು. ಹಾಗೆ ಶಂಕುವಾದ್ದರಿಂದಲೇ ಸ್ಥಾಯಿಯ ಕೀಲಿ ಒತ್ತಿದಾಗ ಅದೇ ಬೆರಳುಗಳಲ್ಲಿ ಸ್ವರ ಸರಿಯಾಗಿ ಒಂದು ಸ್ಥಾಯಿ ಮೇಲೇರುತ್ತದೆ. ಕ್ಲಾರಿನೆಟ್ಟಿನಲ್ಲಿ ಅದು ಒಂದು ಸ್ಥಾಯಿಯನ್ನೂ ದಾಟಿ ಮೇಲಿನ ಪಂಚಮಕ್ಕೆ ಹಾರುತ್ತದೆ. ಆದರೆ ಪೂರ್ತಿ ಶಂಕುವಿನ ತುದಿ ಒಂದು ಚುಕ್ಕೆ, ಚುಕ್ಕೆಯನ್ನು ಊದಲು ಬರುವುದಿಲ್ಲ. ಹಾಗಾಗಿ ತುದಿಯನ್ನು ಕತ್ತರಿಸಿ ಆ ಜಾಗದಲ್ಲಿ ಮೌತ್‌ಪೀಸ್ ತೊಡಿಸುತ್ತಾರೆ. ಕತ್ತರಿಸಿ ಹೋದ ತುದಿಯಲ್ಲಿ ಎಷ್ಟು ಗಾಳಿ ಹಿಡಿಯುತ್ತಿತ್ತೋ ಹೆಚ್ಚುಕಡಿಮೆ ಅಷ್ಟು ಜಾಗವನ್ನು ಮೌತ್‌ಪೀಸ್ ತುಂಬಿಕೊಡಬೇಕು. ರೀಡಿನ ಬಳುಕೂ ಈ ಲೆಕ್ಕದಲ್ಲಿ ಸ್ವಲ್ಪ ಸೇರುತ್ತದೆ. ಜಾಗ ಕಡಿಮೆಯಾದರೆ ಮೌತ್‌ಪೀಸನ್ನು ವಾದ್ಯದ ಕುತ್ತಿಗೆಗೆ ಸುತ್ತಿದ ಕಾರ್ಕಿನ ಮೇಲೆ ಹೊರಗೆಳೆಯಬೇಕು, ಹೆಚ್ಚಾದರೆ ಒಳಗೆ ತಳ್ಳಬೇಕು. ಹಾಗೆ ತಳ್ಳಿ ಎಳೆದು ಒಂದು ಸ್ವರವನ್ನು ಶ್ರುತಿಗೆ ಕೂರಿಸಬಹುದು. ಮಧ್ಯ ಷಡ್ಜವೂ ತಾರ ಷಡ್ಜವೂ ಒಟ್ಟಿಗೆ ಕೂರಬೇಕಾದರೆ ಮಾತ್ರ ಒಳಗಿನ ಜಾಗ ಆ ವಾದ್ಯದ ಶಂಕುವಿಗೆ ಒಪ್ಪುವಂಥದ್ದೇ ಆಗಿರಬೇಕು. ಒಬ್ಬರ ವಾದ್ಯದಲ್ಲಿ ಹೊಳೆದ ಮೌತ್‌ಪೀಸ್ ಇನ್ನೊಬ್ಬರ ವಾದ್ಯದಲ್ಲಿ ಶ್ರುತಿ ತಪ್ಪುವುದಕ್ಕೆ ಇದೇ ಕಾರಣ. ನಮ್ಮ ಕರಾವಳಿಯ ಸೆಕೆಯಲ್ಲಿ ಈ ತೊಂದರೆ ಇನ್ನಷ್ಟು ಹೆಚ್ಚುತ್ತದೆ: ಪ್ರತಿ ಡಿಗ್ರಿಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಏರುವುದರಿಂದ ಊದುವಾದ್ಯ ಮೇಲಕ್ಕೇರುತ್ತದೆ. ಚೇಂಬರ್ ಕಿರಿದಾದ ಮೌತ್‌ಪೀಸನ್ನು ಏಪ್ರಿಲ್ ತಿಂಗಳ ಉತ್ಸವದಲ್ಲಿ ಹೊರಗೆಳೆಯುತ್ತ ಹೋದರೆ ಕೊನೆಗೆ ಅದು ಕಾರ್ಕಿನ ಅಂಚಿನಲ್ಲಿ ಅಲುಗಾಡುತ್ತಿರುತ್ತದೆ.

ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಈ ವಾದ್ಯಕ್ಕೆ ಪೇಟೆಂಟ್ ಪಡೆದಾಗ ಅದರ ಮೌತ್‌ಪೀಸಿನ ಚೇಂಬರ್ ದೊಡ್ಡದಾಗಿ, ದುಂಡಗೆ ಇತ್ತು. ಮುಂದೆ ನೃತ್ಯದ ಬ್ಯಾಂಡುಗಳ ತುತ್ತೂರಿಗಳ ನಡುವೆ ಕೇಳಿಸಬೇಕಾದ ಒತ್ತಡ ಬಂದಾಗ ತಯಾರಕರು ಚೇಂಬರನ್ನು ಕಿರಿದು ಮಾಡಿದರು, ರೀಡಿನ ಎದುರಿಗಿರುವ ಒಳಛಾವಣಿಯನ್ನು, ಅಂದರೆ ಬ್ಯಾಫಲನ್ನು, ಎತ್ತರಿಸಿದರು. ಗಾಳಿ ಇಕ್ಕಟ್ಟಿನಲ್ಲಿ ರಭಸದಿಂದ ಹಾಯ್ದು ನಾದ ಚೂಪಾಯಿತು. ಇದನ್ನು ಒಪ್ಪದೆ ಕೊನೆಯವರೆಗೂ ಹಟ ಹಿಡಿದವರು ಸ್ಯಾಕ್ಸೋಫೋನ್ ವಾದಕ ಸಿಗರ್ಡ್ ರಾಶರ್ (1907–2001). ರಷ್ಯದ ಸಂಗೀತ ರಚನಕಾರ ಗ್ಲಾಜುನೋವ್ 1934ರಲ್ಲಿ ತನ್ನ ಸ್ಯಾಕ್ಸೋಫೋನ್ ಕಂಚೆರ್ಟೋವನ್ನು ಬರೆದದ್ದು ಇವರಿಗಾಗಿ. ಸ್ಯಾಕ್ಸ್ ಕಲ್ಪಿಸಿದ ನಾದ ದುಂಡು ಚೇಂಬರಿನಲ್ಲಿ ಮಾತ್ರ ಹುಟ್ಟುತ್ತದೆ ಎಂಬುದು ಅವರ ವಾದ, ಅವರ ಹೆಸರಿನಲ್ಲಿಯೇ ಅಂಥ ಮೌತ್‌ಪೀಸುಗಳು ಬಂದವು. ಅವರ ಹಟವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ಕರ್ನಾಟಕ ಸಂಗೀತ ನುಡಿಸುವವನು ಜಾಝ್‌ನವರ ಸಲಹೆಗಿಂತ ರಾಶರ್ ಕಡೆಗೆ ಒಂದು ಹೆಜ್ಜೆ ವಾಲಿದರೆ ನಷ್ಟವಿಲ್ಲ. ಚೇಂಬರ್ ದೊಡ್ಡದಾದಷ್ಟೂ ತುಟಿಯ ಸಣ್ಣ ಸಡಿಲಿಕೆಗೂ ಸ್ವರ ಜಾರುತ್ತದೆ, ಸ್ವರವನ್ನು ಬಾಗಿಸಿ ತೂಗಿಸುವ ಗಮಕಕ್ಕೆ ಬೇಕಾದದ್ದು ಅದೇ.

ತೀರ ದೊಡ್ಡದಾದರೆ ಏನಾಗುತ್ತದೆ ಎಂಬುದನ್ನು ಕೈಬೆರಳುಗಳ ಲೆಕ್ಕದಲ್ಲಿ ನೋಡೋಣ. ಆಲ್ಟೋ ವಾದ್ಯದಲ್ಲಿ ಎಡಗೈಯ ನಡುಬೆರಳೊಂದನ್ನೇ ಒತ್ತಿದಾಗ ಬರುವ, ಪಾಶ್ಚಾತ್ಯ ಬರಹದಲ್ಲಿ ಸಿ ಎಂದು ಬರೆಯುವ ಸ್ವರ ಕೇಳುವುದು ಇ ಫ್ಲ್ಯಾಟ್ ಆಗಿ, ಅಂದರೆ ನಮ್ಮ ಎರಡೂವರೆ ಶ್ರುತಿಯಲ್ಲಿ. ಅಲ್ಲಿ ಷಡ್ಜ ಇಟ್ಟುಕೊಂಡ ವಿದ್ಯಾರ್ಥಿ ಮಾಯಾಮಾಳವಗೌಳ ರಾಗದಲ್ಲಿ ಮೊದಲ ಪಾಠವಾದ ಸರಳೆ ವರಸೆ ಶುರುಮಾಡಿದ ಕೂಡಲೇ ಶುದ್ಧ ರಿಷಭಕ್ಕೆ ಎಲ್ಲ ಬೆರಳುಗಳನ್ನೂ ಎತ್ತಬೇಕು. ಯಾವ ಕೀಲಿಯನ್ನೂ ಒತ್ತದ ಈ ಸಿ ಶಾರ್ಪ್ ಬಹುತೇಕ ಸ್ಯಾಕ್ಸೋಫೋನುಗಳಲ್ಲಿ ತುಸು ಕೆಳಗೇ ಇರುತ್ತದೆ. ಅದನ್ನು ದಾಟಿ ಎಲ್ಲ ಬೆರಳುಗಳನ್ನೂ ಮುಚ್ಚಿ ಸ್ಥಾಯಿಯ ಕೀಲಿಯೊಂದಿಗೆ ಊದುವ ಡಿ, ನಮ್ಮ ಚತುಶ್ರುತಿ ರಿಷಭ, ತುಸು ಮೇಲೆ ಹೋಗುತ್ತದೆ. ಅಂದರೆ ವಾದ್ಯದ ದುರ್ಬಲ ಜಾಗಗಳು ಸರಿಯಾಗಿ ನಮ್ಮ ಎರಡು ರಿಷಭಗಳ ಮೇಲೆಯೇ ಬಂದು ಕೂತಿವೆ. ಒಳಗಿನ ಜಾಗ ತೀರ ಹೆಚ್ಚಿರುವ ಮೌತ್‌ಪೀಸಿನಲ್ಲಿ ಎಳೆಯ ತುಟಿ ಆ ಶುದ್ಧ ರಿಷಭವನ್ನು ಹಿಡಿದು ನಿಲ್ಲಿಸಲಾರದು. ಅದು ಷಡ್ಜದತ್ತ ಕುಸಿಯುತ್ತದೆ, ಕಲಿಯುವ ಮಗುವಿನ ಕಿವಿ ಕುಸಿದ ರಿಷಭವನ್ನೇ ಸರಿಯೆಂದು ಒಪ್ಪಿಕೊಳ್ಳುತ್ತದೆ. ಈ ಕಾರಣಕ್ಕಾಗಿಯೇ ಆರಂಭದ ವರ್ಷಗಳಲ್ಲಿ ಮಧ್ಯಮ ಅಳತೆಯ ಚೇಂಬರು, 1.60ರ ಆಸುಪಾಸಿನ ಸಂದು ಸಾಕೆಂದು ನಾನು ಹೇಳುವುದು. ಪೆಟ್ಟಿಗೆಯ ಜೊತೆಗೆ ಬರುವ 4ಸಿ ಇದಕ್ಕೆ ಧಾರಾಳವಾಗಿ ಸಾಲುತ್ತದೆ. ಅದನ್ನು ಕೀಳು ಎಂದು ಹೇಳಿ ಬೇರೊಂದನ್ನು ಮಾರುವವರ ಮಾತು ಕೇಳಬೇಕಾಗಿಲ್ಲ.

ಅನುಭವಿಗಳ ಪರೀಕ್ಷೆ ಬೇರೆ. ಮೌತ್‌ಪೀಸ್ ನೋಡಲು ಹೋಗುವಾಗ ನಾನು ಸ್ವಂತ ವಾದ್ಯ, ಒಗ್ಗಿದ ರೀಡು ಮತ್ತು ಶ್ರುತಿಪೆಟ್ಟಿಗೆ ಇವಿಷ್ಟನ್ನು ಜೊತೆಗಿಟ್ಟುಕೊಳ್ಳುತ್ತೇನೆ. ಅಂಗಡಿಯ ಮೌನದಲ್ಲಿ ಯಾವ ಮೌತ್‌ಪೀಸೂ ಚೆನ್ನಾಗಿಯೇ ಕೇಳುತ್ತದೆ. ತಂಬೂರಿ ಹಾಕಿ ಮೊದಲು ಷಡ್ಜವನ್ನು ಉಸಿರು ಮುಗಿಯುವವರೆಗೆ ಹಿಡಿಯಬೇಕು: ಜೋರಿನಿಂದ ಮೆಲುದನಿಗೆ ಇಳಿಯುವಾಗ ಅದು ಮೇಲಕ್ಕೋ ಕೆಳಕ್ಕೋ ಸರಿಯುತ್ತದೆಯೇ ಎಂದು ನೋಡಬೇಕು. ಆಮೇಲೆ ಮಂದ್ರ, ಮಧ್ಯ ಪಂಚಮಗಳು; ಎರಡೂ ಎಡಗೈಯ ಮೂರು ಬೆರಳುಗಳ ಸ್ವರಗಳೇ, ನಡುವೆ ಇರುವುದು ಸ್ಥಾಯಿಯ ಕೀಲಿಯೊಂದು, ಆದ್ದರಿಂದ ಚೇಂಬರಿನ ಲೆಕ್ಕ ಸರಿಯಿದೆಯೇ ಎಂಬುದು ಇಲ್ಲಿ ಕೂಡಲೇ ಬಯಲಾಗುತ್ತದೆ. ಇಷ್ಟು ನಿಂತ ಮೇಲೆ ತೋಡಿ. ಗಾಂಧಾರ ಇಲ್ಲಿ ಒಂದು ಜಾಗದಲ್ಲಿ ನಿಲ್ಲುವ ಸ್ವರವಲ್ಲ, ರಿಷಭ ಮಧ್ಯಮಗಳ ನಡುವಿನ ತೂಗಾಟ. ಸ್ಯಾಕ್ಸೋಫೋನಿನಲ್ಲಿ ತುಟಿ ಸ್ವರವನ್ನು ಕೆಳಕ್ಕೆ ಸುಲಭವಾಗಿ ಇಳಿಸಬಲ್ಲದು, ಮೇಲಕ್ಕೆ ಎತ್ತುವುದು ಬಹಳ ಅಲ್ಪ. ಹಾಗಾಗಿ ಬೆರಳು ಮೇಲಿನ ಸ್ವರವನ್ನು ಹಿಡಿಯುತ್ತದೆ, ತುಟಿಯೂ ಗಂಟಲೂ ಅದನ್ನು ಕೆಳಗಿಳಿಸುತ್ತವೆ, ಉಳಿದ ದೂರವನ್ನು ಅರ್ಧ ಮುಚ್ಚಿದ ಕೀಲಿ ಹಂಚಿಕೊಳ್ಳುತ್ತದೆ. ಇಳಿಯುವಾಗ ನಾದ ತುಂಡಾಗದೆ, ಬಣ್ಣ ಮಾಸದೆ ಬರಬೇಕು. ಬ್ಯಾಫಲ್ ಎತ್ತರವಿರುವ ಮೌತ್‌ಪೀಸಿನಲ್ಲಿ ಒಂದು ಹಂತದವರೆಗೆ ಇಳಿದ ಸ್ವರ ಆಮೇಲೆ ಕಿರುಚಿ ಬೇರೆಡೆಗೆ ಹಾರುತ್ತದೆ. ಒಪ್ಪುವ ಮೌತ್‌ಪೀಸಿನಲ್ಲಿ ಅದು ಎಲ್ಲಿ ಬೇಕೆಂದರೆ ಅಲ್ಲಿ ನಿಲ್ಲುತ್ತದೆ.

ಕೊನೆಗೆ ತಾರಸ್ಥಾಯಿ. ಸಿ ಸ್ವರದಲ್ಲಿ ಷಡ್ಜವಿಟ್ಟರೆ ವಾದ್ಯದ ಸಹಜ ವ್ಯಾಪ್ತಿ ತಾರ ಮಧ್ಯಮಕ್ಕೆ ಮುಗಿಯುತ್ತದೆ, ತಾರ ಪಂಚಮಕ್ಕೆ ಕೀಲಿಗಳಾಚೆಯ ವಿಶೇಷ ಬೆರಳುವಿನ್ಯಾಸ ಬೇಕು. ಅಂಗೈ ಬದಿಯ ಕೀಲಿಗಳಿಂದ ಬರುವ ಆ ಮೇಲಿನ ಸ್ವರಗಳು ತುಟಿಗೆ ತುಂಬ ಬಾಗುತ್ತವೆ. ಅಲ್ಲಿ ನಮಗೆ ಬೇಕಾದದ್ದು ಇನ್ನಷ್ಟು ಬಳುಕಲ್ಲ, ಹಿಡಿತ. ಮಧ್ಯಸ್ಥಾಯಿಯಲ್ಲಿ ಗಮಕಕ್ಕೆ ಹಿತವೆನಿಸಿದ ಮೌತ್‌ಪೀಸು ತಾರಸ್ಥಾಯಿಯಲ್ಲಿ ತೂರಾಡಿದರೆ ನಾನು ಅದನ್ನು ಬಿಡುತ್ತೇನೆ.

ಬಿಡುವುದು ಸುಲಭವಲ್ಲದ ಒಂದು ಆಮಿಷವೆಂದರೆ ಜೋರು ದನಿ. ಡೋಲಿನ ಪಕ್ಕದಲ್ಲಿ, ತೆರೆದ ಅಂಗಳದಲ್ಲಿ, ಮೆರವಣಿಗೆಯ ಗದ್ದಲದಲ್ಲಿ ಊದುವವರು ಎತ್ತರದ ಬ್ಯಾಫಲ್ ಇರುವ ಲೋಹದ ಮೌತ್‌ಪೀಸಿನತ್ತ ಕೈಚಾಚುವುದು ಅರ್ಥವಾಗುವಂಥದ್ದೇ. ಒಂದು ಕಾಲಕ್ಕೆ ಅದು ಅಗತ್ಯವೂ ಆಗಿತ್ತು. ಈಗ ಮಂಟಪದಲ್ಲಿಯೂ ಮೆರವಣಿಗೆಯ ವಾಹನದ ಮೇಲೂ ಮೈಕ್ ಇರುವಾಗ ಜೋರನ್ನು ಮೌತ್‌ಪೀಸಿನಿಂದ ಕೇಳುವುದು ತಪ್ಪು ಜಾಗದಲ್ಲಿ ಕೇಳಿದಂತೆ. ಚೂಪು ನಾದ ಮೈಕಿನ ಮೂಲಕ ಹಾದಾಗ ಇನ್ನಷ್ಟು ಚೂಪಾಗುತ್ತದೆ, ಆಲಾಪನೆ ಕೇಳುವವರ ಹಲ್ಲು ಜುಮ್ಮೆನ್ನುತ್ತದೆ. ನಮ್ಮ ಕಡೆಯ ಸ್ಯಾಕ್ಸೋಫೋನ್ ಎಂದರೆ ಕಿವಿಗಡಚಿಕ್ಕುವ ಸದ್ದು ಎಂಬ ದೂರಿಗೆ ಅರ್ಧ ಕಾರಣ ಧ್ವನಿವರ್ಧಕದವರಾದರೆ ಇನ್ನರ್ಧ ನಾವೇ ಆರಿಸಿಕೊಂಡ ಮೌತ್‌ಪೀಸುಗಳು.

ಲೋಹವೋ ರಬ್ಬರೋ ಎಂಬ ಜಗಳದಲ್ಲಿ ಹೆಚ್ಚು ಹೊತ್ತು ಕಳೆಯಲಾರೆ. ನಾದವನ್ನು ರೂಪಿಸುವುದು ಒಳಗಿನ ಆಕಾರ. ಲೋಹದವು ಚೂಪೆಂಬ ಹೆಸರು ಪಡೆದದ್ದು ಅವುಗಳಲ್ಲಿ ಸಾಮಾನ್ಯವಾಗಿ ಬ್ಯಾಫಲ್ ಎತ್ತರವಾಗಿ ಕೊರೆಯುವುದರಿಂದ. ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರು, ಅಂದರೆ ಎಬೋನೈಟ್, ಹಲ್ಲಿಗೂ ತುಟಿಗೂ ಹಿತ, ನಿಖರವಾಗಿ ಕೊರೆಯಲು ಸುಲಭ. ಬಿಸಿಲಿಗಿಟ್ಟರೆ ಅಥವಾ ಬಿಸಿನೀರಿನಲ್ಲಿ ತೊಳೆದರೆ ಗಂಧಕ ಮೇಲೆದ್ದು ಕಪ್ಪು ಹೋಗಿ ಹಸಿರು ಮಿಶ್ರಿತ ಕಂದು ಬಣ್ಣ ಬರುತ್ತದೆ, ರುಚಿಯೂ ಕೆಡುತ್ತದೆ. ತಣ್ಣೀರು, ಮೆತ್ತನೆಯ ಬಟ್ಟೆ ಸಾಕು.

ಹೆಸರಾಂತ ಕಂಪನಿಗಳ ನಕಲುಗಳು ಅಗ್ಗಕ್ಕೆ ಸಿಗುವ ಕಾಲ ಇದು. ಮೇಲಿನ ಅಕ್ಷರ, ಚಿನ್ನದ ಬಣ್ಣ ಎಲ್ಲ ಹಾಗೆಯೇ ಇರುತ್ತದೆ. ವ್ಯತ್ಯಾಸವಿರುವುದು ರೀಡು ಕೂರುವ ಸಮತಲದಲ್ಲಿ ಮತ್ತು ಎರಡು ಪಕ್ಕದ ಅಂಚುಗಳಲ್ಲಿ. ಮೌತ್‌ಪೀಸನ್ನು ಬೆಳಕಿಗೆ ಹಿಡಿದು ನೋಡಿದರೆ ಎಡಬಲದ ಅಂಚುಗಳು ಒಂದೇ ದಪ್ಪವಾಗಿ ತುದಿಯವರೆಗೆ ಹೋಗಿರಬೇಕು. ತುದಿಯಂಚು ತೆಳ್ಳಗೆ, ಸಮವಾಗಿ ತಿರುಗಿರಬೇಕು. ಸಪಾಟು ಗಾಜಿನ ಮೇಲೆ ಇಟ್ಟಾಗ ಅಲುಗಬಾರದು. ಇನ್ನೊಂದು ಹಳೆಯ ಪರೀಕ್ಷೆ: ಒದ್ದೆಯಾದ ರೀಡನ್ನು ಬಿಗಿದು, ಕೆಳಗಿನ ತೂತನ್ನು ಅಂಗೈಯಿಂದ ಮುಚ್ಚಿ, ತುದಿಯಿಂದ ಗಾಳಿ ಹೀರಿ ಬಾಯಿ ತೆಗೆದರೆ ರೀಡು ಕೆಲವು ಕ್ಷಣ ಅಂಟಿಕೊಂಡಿದ್ದು ಟಪ್ ಎಂದು ಬಿಡಬೇಕು. ಅಂಟದಿದ್ದರೆ ಮೌತ್‌ಪೀಸಿನ ಮೇಲೆ ತಪ್ಪು ಹೊರಿಸುವ ಮೊದಲು ಇನ್ನೊಂದು ರೀಡು ಹಾಕಿ ನೋಡುವುದು ನ್ಯಾಯ, ಏಕೆಂದರೆ ಸೊಟ್ಟಗಾಗಿರುವುದು ರೀಡೂ ಇರಬಹುದು.

ನಮ್ಮ ಮಳೆಗಾಲದಲ್ಲಿ ಹೆಚ್ಚಾಗಿ ಅದೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ರೀಡಿನ ತುದಿಯನ್ನು ಅಲೆಅಲೆಯಾಗಿ ಏಳಿಸುತ್ತದೆ, ಪೆಟ್ಟಿಗೆಯೊಳಗೆ ಬೂಸ್ಟು ಹಿಡಿಸುತ್ತದೆ. ಆ ತಿಂಗಳುಗಳಲ್ಲಿ ಮೌತ್‌ಪೀಸಿನ ಬಗ್ಗೆ ತೀರ್ಮಾನ ಮಾಡಬೇಡಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಮಾಡಲೇಬೇಕಾದರೆ ತೇವಕ್ಕೆ ಬಗ್ಗದ ಸಿಂಥೆಟಿಕ್ ರೀಡು ಹಾಕಿ ಹೋಲಿಸಬೇಕು. ಉಳಿದ ಕಾಲದಲ್ಲಿಯೂ ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಕ್ಷೇಮ. ಮೌತ್‌ಪೀಸ್, ರೀಡು, ಲಿಗೇಚರ್ ಮೂರನ್ನೂ ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಏನಾಯಿತೆಂದು ತಿಳಿಯುವ ದಾರಿಯೇ ಇಲ್ಲ. ಹೊಸ ಮೌತ್‌ಪೀಸನ್ನು ಮನೆಗೆ ತಂದ ಮೇಲೆ ಎರಡು ಮೂರು ವಾರ ಹಳೆಯದನ್ನು ಮುಟ್ಟದೆ ಅದರಲ್ಲಿಯೇ ಸಾಧನೆ ಮಾಡಿ, ಆಮೇಲೆ ಒಂದು ಬೆಳಿಗ್ಗೆ ಹಳೆಯದನ್ನು ತೊಡಿಸಿ ಅದೇ ತೋಡಿಯನ್ನು ನುಡಿಸಿ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗಿ ಕೇಳುತ್ತದೆ. ಅದಕ್ಕಾಗಿ, ಹಿಂದಿರುಗಿಸಲು ಒಪ್ಪುವ ಅಂಗಡಿಯಲ್ಲಿಯೇ ಕೊಳ್ಳಬೇಕು, ಬೆಲೆ ಸ್ವಲ್ಪ ಹೆಚ್ಚಾದರೂ.